ಓದುಗರ ಸ್ಪಂದನ: ಯಾವ ನೇಲ್ ಕೋರ್ಸ್ ಸೇರಲಿ?

ಕಳೆದ ಸಲ ಪ್ರಕಟವಾದ ಪತ್ರ ಹೀಗಿತ್ತು:

"ನನಗೆ 23 ವರ್ಷ. ಡೊಂಬಿವಲಿಯಲ್ಲಿದ್ದೇವೆ. ಅಪ್ಪ ಹೋಟೆಲಿನಲ್ಲಿ ಕ್ಯಾಶಿಯರ್. ಬಿ.ಕಾಂ. ಮುಗಿಸಿ ಎರಡು ವರ್ಷ ಕಾಲ್ ಸೆಂಟರಿನಲ್ಲಿ ದುಡಿದೆ. ರಾತ್ರಿ ಪಾಳಿ ಮೈಗೆ ಆಗಿಬರಲಿಲ್ಲ, ಬಿಟ್ಟೆ. ಚಿಕ್ಕಂದಿನಿಂದ ಮೆಹಂದಿ, ರಂಗೋಲಿ ಕೈಗೆ ಹತ್ತಿದೆ. ನೇಲ್ ಟೆಕ್ನೀಶಿಯನ್, ಅಂದರೆ ಉಗುರು ಅಲಂಕರಿಸುವವಳು, ಆಗಬೇಕು ಅಂತ ಆಸೆ. ದಾದರ್ ಕಡೆಯ ಒಂದು ಅಕಾಡೆಮಿ ಎರಡು ತಿಂಗಳಿಗೆ 85,000 ಕೇಳುತ್ತದೆ. ಇಂಟರ್‌ನ್ಯಾಷನಲ್ ಸರ್ಟಿಫಿಕೇಟ್, ಕೆಲಸದ ಗ್ಯಾರಂಟಿ ಅನ್ನುತ್ತಾರೆ. ಮನೆ ಹತ್ತಿರದ ಒಬ್ಬ ಮೇಡಂ 5 ದಿನಕ್ಕೆ 12,000 ಅಂದರು. ಮೊಬೈಲಿನಲ್ಲೇ ನೋಡಿ ಕಲಿಯುವ ಕೋರ್ಸಿಗೆ 1,999. 'ಇನ್ನೊಬ್ಬರ ಉಗುರು ತಿಕ್ಕೋದಕ್ಕೆ ಡಿಗ್ರಿ ಓದಬೇಕಿತ್ತಾ' ಅಂತ ಅಮ್ಮ ಕೇಳುತ್ತಾರೆ. ಬ್ಯಾಂಕ್ ಪರೀಕ್ಷೆ ಬರಿ ಅಂತಾರೆ ಸೋದರಮಾವ. ಯಾವುದಕ್ಕೆ ಹಣ ಹಾಕಲಿ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ತಂಗೀ, ಮುಲುಂಡಿನಲ್ಲಿ 9 ವರ್ಷದಿಂದ ನಾನು ಇದೇ ಕೆಲಸ ಮಾಡುತ್ತಿದ್ದೇನೆ. ನಿನ್ನ ಪತ್ರವನ್ನು ಎರಡು ಸಲ ಓದಿದೆ. ಫೀಸು, ಸರ್ಟಿಫಿಕೇಟು, ದಿನಗಳ ಲೆಕ್ಕ ಎಲ್ಲ ಬರೆದಿದ್ದೀಯ. ಎಷ್ಟು ಜನರ ಕೈ ಹಿಡಿದು ಕೆಲಸ ಮಾಡಲು ಸಿಗುತ್ತದೆ ಅನ್ನೋದು ಬರೆದಿಲ್ಲ. ಹಾಕಿದ ಕೃತಕ ಉಗುರನ್ನು ತೆಗೆಯೋದು ಕಲಿಸುತ್ತಾರಾ ಅನ್ನೋದೂ ಇಲ್ಲ. ನನಗೆ ಇವೆರಡೇ ಮುಖ್ಯ.

ನಾನು ಮೊದಲು ಸೇರಿದ್ದು 4 ದಿನದ ಒಂದು ಕ್ಲಾಸಿಗೆ. 14 ಹುಡುಗಿಯರಿಗೆ ಒಬ್ಬರೇ ಮೇಡಂ. ಪ್ಲಾಸ್ಟಿಕ್ ಕೈಗೆ ಟಿಪ್, ಅಂದರೆ ಉಗುರು ಉದ್ದ ಮಾಡುವ ತುಂಡು, ಅಂಟಿಸಿ, ಅದರ ಮೇಲೆ ಗಟ್ಟಿಯಾಗುವ ಅಕ್ರಿಲಿಕ್ ಲೇಪ ಹಾಕಿ, ಹೂವು ಬಿಡಿಸಿ ಫೋಟೋ ತೆಗೆದುಕೊಂಡೆವು. ಚೆನ್ನಾಗಿಯೇ ಬಂದಿತ್ತು. ಆದರೆ ಪ್ಲಾಸ್ಟಿಕ್ ಕೈಗೆ ಬೆವರಿಲ್ಲ, ಜಿಡ್ಡಿಲ್ಲ, ಉಗುರಿನ ಬುಡದಲ್ಲಿ ಚರ್ಮವಿಲ್ಲ. ನೋವಂತೂ ಇಲ್ಲವೇ ಇಲ್ಲ. ಸಲೂನಿನಲ್ಲಿ ಕೆಲಸಕ್ಕೆ ಸೇರಿದ ಎರಡನೇ ವಾರ ಒಬ್ಬರು ಹಳೆಯ ಎಕ್ಸ್‌ಟೆನ್ಶನ್ (ಉದ್ದ ಮಾಡಿಸಿದ ಕೃತಕ ಉಗುರು) ತೆಗೆಸಲು ಬಂದರು. ಅದನ್ನು ಕರಗಿಸುವ ಅಸಿಟೋನ್ ದ್ರವದಲ್ಲಿ ನೆನೆಸಿದೆ. ಮೆತ್ತಗಾಗಲಿಲ್ಲ. ಹೊರಗೆ ಇನ್ನೊಬ್ಬರು ಕಾಯುತ್ತಿದ್ದರು. ಪುಶರ್ ಅನ್ನುವ ಲೋಹದ ಕಡ್ಡಿಯ ತುದಿ ತೂರಿಸಿ ಮೀಟಿದೆ. ಅಕ್ರಿಲಿಕ್ ಜೊತೆ ಅವರ ಸ್ವಂತ ಉಗುರಿನ ಮೇಲಿನ ಪದರವೂ ಕಿತ್ತು ಬಂತು. ಅವರು ಬೈಯಲಿಲ್ಲ. ಕೈ ಹಿಂದಕ್ಕೆ ಎಳೆದುಕೊಂಡರು, ಅಷ್ಟೇ. ಕೈಬೆರಳಿನ ಉಗುರು ತಿಂಗಳಿಗೆ ಸುಮಾರು 3 ಮಿ.ಮೀ. ಬೆಳೆಯುತ್ತದೆ. ಹಾಳಾದ ಭಾಗ ಪೂರ್ತಿ ಹೊರಟುಹೋಗಲು ಸುಮಾರು ಆರು ತಿಂಗಳು ಬೇಕು. ಅಷ್ಟು ದಿನ ಅವರು ಸಾರಿನಲ್ಲಿ ಕೈ ಇಟ್ಟಾಗಲೆಲ್ಲ ಉರಿ ಅನುಭವಿಸಿರುತ್ತಾರೆ. ಈಗಲೂ ನನಗೆ ಆ ಕೈ ಕಣ್ಣ ಮುಂದೆ ಬರುತ್ತದೆ.

ಯಾಕೆ ಮೆತ್ತಗಾಗಲಿಲ್ಲ ಅನ್ನೋದು ಎಷ್ಟೋ ದಿನದ ಮೇಲೆ ಗೊತ್ತಾಯಿತು. ಅಕ್ರಿಲಿಕ್ ಪುಡಿಯ ಜೊತೆ ಕಲಸುವ ದ್ರವಕ್ಕೆ ಮೊನೋಮರ್ ಅಂತಾರೆ. ಉಗುರಿಗೆ ಬಳಸಬೇಕಾದದ್ದು ಇಎಂಎ ಅನ್ನುವ ರಾಸಾಯನಿಕ ಇರುವ ಮೊನೋಮರ್. ಅಗ್ಗದ ಬಾಟಲಿಗಳಲ್ಲಿ ಎಂಎಂಎ ಅನ್ನುವ ಬೇರೆ ರಾಸಾಯನಿಕ ಇರಬಹುದು. ಮೂಳೆ ಆಪರೇಷನ್ನಿನ ಸಿಮೆಂಟಿಗೂ ಕಟ್ಟಿಸುವ ಹಲ್ಲಿನ ಸೆಟ್ಟಿಗೂ ಹಾಕುವ ಪದಾರ್ಥ ಅದು. ವಾಸನೆ ಮೂಗಿಗೆ ಹೊಡೆಯುತ್ತದೆ. ಕಲ್ಲಿನಂತೆ ಗಟ್ಟಿಯಾಗುತ್ತದೆ, ಅಸಿಟೋನಿಗೆ ಬೇಗ ಕರಗಲ್ಲ. ಲೋಕಲ್ ಟ್ರೈನ್ ಹತ್ತುವಾಗ ಹಿಡಿಕೆಗೆ ಸಿಕ್ಕಿಕೊಂಡರೆ ಅದು ಮುರಿಯುವುದಿಲ್ಲ, ನಮ್ಮ ಉಗುರೇ ಬುಡದಿಂದ ಎದ್ದು ಬರುತ್ತದೆ. ಅಪ್ಪಟ ಎಂಎಂಎ ಇದ್ದ ಉಗುರಿನ ಸಾಮಾನಿನ ಮೇಲೆ ಅಮೆರಿಕದ ಆಹಾರ-ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1970ರ ದಶಕದಲ್ಲೇ ಕ್ರಮ ಕೈಗೊಂಡಿತ್ತು. ನನ್ನ ಕ್ಲಾಸಿನಲ್ಲಿ ಈ ಎರಡು ಹೆಸರನ್ನೂ ಯಾರೂ ಎತ್ತಲಿಲ್ಲ.

ಅದಕ್ಕೇ ಹೇಳುತ್ತೇನೆ. ಹಣ ಕೊಡುವ ಮೊದಲು ಒಂದು ದಿನ ಕ್ಲಾಸಿನ ಮೂಲೆಯಲ್ಲಿ ಕೂತು ನೋಡುತ್ತೇನೆ ಅನ್ನು. ಆಗಲ್ಲ ಅಂದರೆ ಅಲ್ಲಿಂದಲೇ ವಾಪಸ್ ಬಾ. ಒಪ್ಪಿದರೆ ಡಿಸೈನ್ ನೋಡಬೇಡ, ಅದಕ್ಕೂ ಮೊದಲಿನ ಕೆಲಸ ನೋಡು. ಕ್ಯೂಟಿಕಲ್, ಅಂದರೆ ಉಗುರಿನ ಬುಡದ ಚರ್ಮದ ಪದರ, ಬಿಡಿಸೋದು, ಉಗುರಿನ ಜಿಡ್ಡು ತೆಗೆಯೋದು, ಅರದಿಂದ ಹಗುರವಾಗಿ ಉಜ್ಜೋದು (ಫೈಲ್ ಮಾಡೋದು). ಇದರಲ್ಲಿ ಅವಸರ ಮಾಡಿದರೆ ಹಾಕಿದ್ದು ವಾರದೊಳಗೆ ಏಳುತ್ತದೆ. ಎದ್ದ ಸಂದಿಯಲ್ಲಿ ನೀರು ನಿಂತು ಉಗುರು ಹಸಿರಾಗುತ್ತದೆ. ಅದು ಬ್ಯಾಕ್ಟೀರಿಯಾ, ಬಣ್ಣ ಅಲ್ಲ. ಉಗುರು ಉಜ್ಜುವ ಡ್ರಿಲ್ ಮಷೀನನ್ನು ಮೊದಲ ದಿನವೇ ಹೊಸಬರ ಕೈಗೆ ಕೊಡುತ್ತಿದ್ದರೆ ಅನುಮಾನಪಡು. ಒಂದೇ ಜಾಗದಲ್ಲಿ ಒತ್ತಿ ಹಿಡಿದರೆ ಉಗುರಿನ ಮೇಲೆ ಕೆಂಪು ಬಳೆಯಂಥ ಗುರುತು ಬೀಳುತ್ತದೆ. ಕಬ್ಬಿಣದ ಸಾಮಾನನ್ನು ಹೇಗೆ ಶುದ್ಧ ಮಾಡುತ್ತಾರೆ ಕೇಳು. ಆಟೋಕ್ಲೇವ್, ಅಂದರೆ ಬಿಸಿ ಹಬೆಯಿಂದ ಕ್ರಿಮಿ ಕೊಲ್ಲುವ ಯಂತ್ರ, ಇದೆ ಅಂದರೆ ಒಳ್ಳೆಯದು. ನೀಲಿ ಬೆಳಕಿನ ಡಬ್ಬಿ ತೋರಿಸಿದರೆ ಸಾಲದು. ಶುದ್ಧ ಮಾಡಿದ್ದನ್ನು ಇಡೋದಕ್ಕೆ ಅದು ಸರಿ, ಶುದ್ಧ ಮಾಡೋದಕ್ಕಲ್ಲ. ಒಬ್ಬರಿಗೆ ಬಳಸಿದ ಫೈಲನ್ನು ಇನ್ನೊಬ್ಬರಿಗೆ ಬಳಸುತ್ತಿದ್ದರೆ ಅದೇ ಸಾಕು, ಆ ಜಾಗ ಬೇಡ.

ಸರ್ಟಿಫಿಕೇಟ್ ವಿಷಯ. ಈ ಕೆಲಸಕ್ಕೆ ನಮ್ಮ ದೇಶದಲ್ಲಿ ಲೈಸೆನ್ಸ್ ಪರೀಕ್ಷೆ ಇಲ್ಲ. ಕ್ಯಾಲಿಫೋರ್ನಿಯಾದಲ್ಲಿ 400 ಗಂಟೆ ಕಲಿಯದೆ ಲೈಸೆನ್ಸಿಗೆ ಕೂರುವ ಹಾಗಿಲ್ಲ. ಇಲ್ಲಿ ಬೆಳಿಗ್ಗೆ ಸೇರಿ ಸಂಜೆ ಬೋರ್ಡ್ ಹಾಕಬಹುದು. ಸರ್ಕಾರಿ ಮಾನ್ಯತೆಯೇ ಬೇಕು ಅಂದರೆ ಬ್ಯೂಟಿ ಅಂಡ್ ವೆಲ್‌ನೆಸ್ ಸೆಕ್ಟರ್ ಸ್ಕಿಲ್ ಕೌನ್ಸಿಲ್‌ನ ಪ್ರಮಾಣಪತ್ರ ಇದೆ. ಐಟಿಐಗಳಲ್ಲಿ ಒಂದು ವರ್ಷದ ಕಾಸ್ಮೆಟಾಲಜಿ (ಸೌಂದರ್ಯ ಕೆಲಸದ) ಕೋರ್ಸ್ ಇದೆ, ಅದರಲ್ಲಿ ಉಗುರು ಒಂದು ಭಾಗ ಮಾತ್ರ. 'ಇಂಟರ್‌ನ್ಯಾಷನಲ್' ಅಂದರೆ ಕೊಡುವವರು ಯಾರು ಅಂತ ಹೆಸರು ಕೇಳು. ಸಿಡೆಸ್ಕೊ, ಸಿಬ್ಟ್ಯಾಕ್‌ನಂಥ ವಿದೇಶಿ ಸಂಸ್ಥೆಯ ಹೆಸರು ಹೇಳಿದರೆ ಆ ಸಂಸ್ಥೆಯ ಪಟ್ಟಿಯಲ್ಲಿ ಈ ಅಕಾಡೆಮಿ ಇದೆಯಾ ಅಂತ ನೀನೇ ನೋಡು. ಸುಮ್ನೆ ಬಂಗಾರದ ಬಣ್ಣದ ಅಕ್ಷರದಲ್ಲಿ ಛಾಪಿಸಿ ಕೊಡೋರು ಈ ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನನ್ನು ಕೆಲಸಕ್ಕೆ ತೆಗೆದುಕೊಂಡ ಮೂರೂ ಸಲೂನಿನವರು ಸರ್ಟಿಫಿಕೇಟ್ ನೋಡಲಿಲ್ಲ. ಒಂದು ಕೈ ಮಾಡಿ ತೋರಿಸು ಅಂದರು.

ನಾನಾಗಿದ್ದರೆ ಆ 12,000ದ ಮೇಡಂ ಹತ್ತಿರ ಹೋಗುತ್ತಿದ್ದೆ, 5 ದಿನದಲ್ಲಿ ಕನಿಷ್ಠ 5 ಜನರ ಕೈ ಕೊಡುತ್ತೇನೆ ಅಂತ ಮಾತು ಕೊಟ್ಟರೆ. ಆಮೇಲೆ ಒಳ್ಳೆಯ ಸಲೂನಿನಲ್ಲಿ ಮೂರು ತಿಂಗಳು ಹೆಲ್ಪರ್ ಆಗಿ ನಿಂತು ಬರೀ ತೆಗೆಯುವ ಕೆಲಸ ಮಾಡುತ್ತಿದ್ದೆ. ಅದೇ ನಿಜವಾದ ಕೋರ್ಸ್.
— ಮುಲುಂಡಿನ ಅಕ್ಕ

ನಿಮಗೆ 5 ದಿನದ ಕೋರ್ಸ್ ಸಾಕು ಅಂತ ಯಾರಾದರೂ ಬರೆದಿದ್ದರೆ, ದಯವಿಟ್ಟು ನನ್ನದನ್ನೂ ಓದಿ. ನಾನು ಪುಣೆಯಲ್ಲಿ ಎರಡೂವರೆ ವರ್ಷ ಜೆಲ್ ಉಗುರಿನ ಕೆಲಸ ಮಾಡಿದೆ. ಈಗ ಮಾಡಲು ಆಗುವುದಿಲ್ಲ.

ಮೊದಲು ಹೆಬ್ಬೆರಳಿನ ತುದಿ ತುರಿಸಿತು. ಪಾತ್ರೆ ಸೋಪು ಅಂದುಕೊಂಡೆ. ಆಮೇಲೆ ಸಿಪ್ಪೆ ಏಳಲು ಶುರುವಾಯಿತು, ಬಿರುಕು ಬಿಟ್ಟಿತು, ರೆಪ್ಪೆಗಳೂ ಊದಿದವು. ಚರ್ಮದ ಡಾಕ್ಟರು ಪ್ಯಾಚ್ ಟೆಸ್ಟ್ ಮಾಡಿ 'ಹೇಮಾ' (HEMA) ಅಲರ್ಜಿ ಅಂದರು. ಎಷ್ಟೋ ಜೆಲ್ ಪಾಲಿಶ್‌ಗಳಲ್ಲಿರುವ ರಾಸಾಯನಿಕ ಅದು. ಆ ಹೆಸರನ್ನು ನಾನು ಮೊದಲು ಕೇಳಿದ್ದೇ ಡಾಕ್ಟರ ಬಾಯಿಂದ. ಒಮ್ಮೆ ಬಂದರೆ ಈ ಅಲರ್ಜಿ ಜೀವನಪೂರ್ತಿ ಇರುತ್ತದಂತೆ. ಹಲ್ಲಿಗೆ ಸಿಮೆಂಟ್ ತುಂಬಿಸಲು ಹೋದರೂ ಮೊದಲೇ ಹೇಳಬೇಕು, ಅದರಲ್ಲೂ ಇದೇ ಜಾತಿಯ ಪದಾರ್ಥ ಇರುತ್ತದೆ.

ಹೇಗೆ ಬಂತು ಅಂದರೆ, ಜೆಲ್ ಚರ್ಮಕ್ಕೆ ತಾಗುತ್ತಿತ್ತು, ನಾನು ಬೆರಳಿನಿಂದ ಒರೆಸುತ್ತಿದ್ದೆ. ಜೆಲ್ಲನ್ನು ಬೆಳಕಿನಿಂದ ಗಟ್ಟಿ ಮಾಡುವ ಲ್ಯಾಂಪ್ ಒಂದು ಕಂಪನಿಯದು, ಜೆಲ್ ಇನ್ನೊಂದರದು. ಮೇಲೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಹಸಿ ಇರುತ್ತದೆ. ಆ ಹಸಿ ಜೆಲ್ಲನ್ನು ಫೈಲ್ ಮಾಡಿದರೆ ಪುಡಿ ನಮ್ಮ ಕೈ, ಮುಖದ ಮೇಲೇ ಬೀಳುತ್ತದೆ. ಕ್ಲಾಸಿನಲ್ಲಿ ಲೇಟೆಕ್ಸ್ ಗ್ಲೌಸ್ ಕೊಟ್ಟಿದ್ದರು. ಇದಕ್ಕೆ ನೈಟ್ರೈಲ್ ಬೇಕು, ಅದನ್ನೂ ಆಗಾಗ ಬದಲಿಸಬೇಕು. ಯುರೋಪಿನಲ್ಲಿ ಹೇಮಾ ಇರುವ ಜೆಲ್ ಡಬ್ಬಿಯ ಮೇಲೆ 'ವೃತ್ತಿಪರರಿಗೆ ಮಾತ್ರ' ಅಂತ ಬರೆಯಲೇಬೇಕು. ಜೆಲ್ ಬೆಳಕಿಗೆ ಗಟ್ಟಿಯಾಗಲು ಹಾಕುವ ಟಿಪಿಒ ಅನ್ನುವ ಇನ್ನೊಂದು ಪದಾರ್ಥವನ್ನು 2025ರ ಸೆಪ್ಟೆಂಬರ್ 1ರಿಂದ ಅಲ್ಲಿ ನಿಷೇಧಿಸಿದ್ದಾರೆ.

ನೀವು ಆ ಮೂರೂ ಕಡೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳಿ: ಜೆಲ್ ಅಲರ್ಜಿ ಬಗ್ಗೆ ಎಷ್ಟು ಹೊತ್ತು ಪಾಠ ಮಾಡುತ್ತೀರಿ? 'ನಮ್ಮ ಪ್ರಾಡಕ್ಟಿಗೆ ಅಲರ್ಜಿ ಬರಲ್ಲ' ಅಂದವರ ಹತ್ತಿರ ಹೋಗಬೇಡಿ. 5 ದಿನದಲ್ಲಿ ಕೈಚಳಕ ಬರಬಹುದು, ಇದೆಲ್ಲ ತಲೆಗೆ ಇಳಿಯಲು ಸಮಯ ಬೇಕು. ನಾಲ್ಕಾರು ವಾರದ, ಥಿಯರಿ ಇರುವ ಕೋರ್ಸ್ ಹುಡುಕಿ. 85,000 ಕೊಡಬೇಕಾಗಿಲ್ಲ. 1,999ರದ್ದಂತೂ ಬೇಡ. ನಿಮ್ಮ ಕೈ ಹಿಡಿದು 'ಇಷ್ಟು ಒತ್ತಬೇಡ' ಅಂತ ಮೊಬೈಲ್ ಹೇಳುವುದಿಲ್ಲ.
— ಹೆಸರು ಬೇಡ, ಪುಣೆ

ಮಗಾ, ನನಗೆ ಉಗುರಿನ ಕೆಲಸ ಗೊತ್ತಿಲ್ಲ. ಹಣದ ವಿಷಯಕ್ಕೆ ನಾಲ್ಕು ಮಾತು ಹೇಳುತ್ತೇನೆ. ಫೀಸು ಪೂರ್ತಿ ಒಂದೇ ಸಲ ಕೊಡಬೇಡ. ಕೊಟ್ಟದ್ದಕ್ಕೆಲ್ಲ ರಸೀದಿ ತಗೋ. 85,000ದಲ್ಲಿ ಶೇ. 18 ಜಿಎಸ್‌ಟಿ ಸೇರಿದೆಯಾ, ಹೊರಗಾ, ಕೇಳು. ಮಧ್ಯದಲ್ಲಿ ಬಿಟ್ಟರೆ ಎಷ್ಟು ವಾಪಸ್ ಅಂತ ಬರೆಸಿಕೋ. ಕೆಲಸದ ಗ್ಯಾರಂಟಿ ಅಂತಾರಲ್ಲ, ಎಷ್ಟು ಸಂಬಳ, ಎಲ್ಲಿ, ಎಷ್ಟು ದಿನದೊಳಗೆ ಅಂತ ಕಾಗದದ ಮೇಲೆ ಕೊಡಲಿ. ಮೋಸ ಆಯಿತು ಅನ್ನಿಸಿದರೆ 1915ಕ್ಕೆ ಫೋನ್ ಮಾಡು, ಅದು ಗ್ರಾಹಕರ ಸಹಾಯವಾಣಿ.

ನಿನ್ನ ಅಮ್ಮನಿಗೂ ಒಂದು ಮಾತು. ಅಮ್ಮಾ, ನಾನು 14ನೇ ವಯಸ್ಸಿಗೆ ಉಡುಪಿ ಕಡೆಯಿಂದ ಮುಂಬಯಿಗೆ ಬಂದು ಹೋಟೆಲಿನಲ್ಲಿ ಎಂಜಲು ಲೋಟ ಎತ್ತಿದವನು. ಸಂಜೆ ಕೈ ತೊಳೆದು ಫೋರ್ಟಿನ ಕನ್ನಡ ರಾತ್ರಿ ಶಾಲೆಗೆ ಹೋಗುತ್ತಿದ್ದೆ. ನಮ್ಮವರು ಈ ಊರಲ್ಲಿ ಮನೆ ಕಟ್ಟಿದ್ದು ಇನ್ನೊಬ್ಬರ ತಟ್ಟೆ ತೊಳೆದೇ. ಮಗಳು ಇನ್ನೊಬ್ಬರ ಉಗುರು ಮುಟ್ಟಿದರೆ ಯಾರ ಮಾನ ಹೋಗುತ್ತದೆ? ಅವಳು ಕೇಳಿ, ತೂಗಿ, ಪತ್ರ ಬರೆದು ಹೆಜ್ಜೆ ಇಡುತ್ತಿದ್ದಾಳೆ. ಜೊತೆಗೆ ಹೋಗಿ ಕ್ಲಾಸ್ ನೋಡಿ ಬನ್ನಿ.
— ನಿವೃತ್ತ ಹೋಟೆಲ್ ಮ್ಯಾನೇಜರ್, ಭಾಂಡೂಪ್

ನಾನು ಥಾಣೆಯಲ್ಲಿ ಮನೆಮನೆಗೆ ಹೋಗಿ ಉಗುರಿನ ಕೆಲಸ ಮಾಡುತ್ತೇನೆ. ಕೋರ್ಸ್ ಬಗ್ಗೆ ಬೇರೆಯವರು ಬರೆದಿರುತ್ತಾರೆ. ಮುಂದಿನದು ಕೇಳಿ.

ಕ್ಲಾಸಿನವರು ಮಾರುವ ಕಿಟ್ ತಕ್ಷಣ ಕೊಳ್ಳಬೇಡಿ. ಒಳಗೆ 60 ಬಣ್ಣ ಇರುತ್ತವೆ, ನಿಮಗೆ ಮೊದಲ ವರ್ಷ ಬೇಕಾಗೋದು ಹತ್ತು. ಕ್ರಾಫರ್ಡ್ ಮಾರ್ಕೆಟ್ ಹತ್ತಿರ ಮುಸಾಫಿರ್‌ಖಾನಾದಲ್ಲಿ ಸಾಮಾನು ಸೋವಿಯಾಗಿ ಸಿಗುತ್ತದೆ. ಫೈಲ್, ಬ್ರಶ್, ಕಲ್ಲು, ಸ್ಟಿಕರ್ ಅಲ್ಲಿಂದ ತನ್ನಿ. ಜೆಲ್, ಮೊನೋಮರ್ ಮಾತ್ರ ಲೇಬಲ್ ಇಲ್ಲದ್ದು ತರಬೇಡಿ, ಎಷ್ಟೇ ಅಗ್ಗ ಇರಲಿ.

ನಮ್ಮ ಒಂದು ಕೋಣೆ, ಅಡುಗೆಮನೆಯ ಮನೆಗಳಲ್ಲಿ ಪ್ರಾಕ್ಟೀಸ್ ಮಾಡುವಾಗ ಒಂದು ಎಚ್ಚರ ಬೇಕೇ ಬೇಕು. ಅಸಿಟೋನಿಗೆ ಬೆಂಕಿ ತಟ್ಟನೆ ಹತ್ತುತ್ತದೆ. ಅದರ ಆವಿಗೂ ಹತ್ತುತ್ತದೆ. ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಆರಿಸಿ, ಕಿಟಕಿ ತೆರೆದು ಕೂರಿ. ಮನೆಯಲ್ಲಿ ಕೂಸು, ಉಬ್ಬಸದವರು ಇದ್ದರೆ ಅಲ್ಲಿ ಫೈಲ್ ಮಾಡಬೇಡಿ.

ಸ್ವಂತ ಕೆಲಸ ಶುರು ಮಾಡುವಾಗ ಮುದ್ರಾ ಯೋಜನೆಯ ಶಿಶು ಸಾಲ 50,000ದವರೆಗೆ ಸಿಗುತ್ತದೆ. ಸಣ್ಣ ಉದ್ಯಮಗಳ ಸರ್ಕಾರಿ ಉದ್ಯಮ್ ನೋಂದಣಿ ಉಚಿತ, ಏಜೆಂಟಿಗೆ ಹಣ ಕೊಡಬೇಡಿ. ಸಾಲ ಮಾಡಿ ಕೋರ್ಸ್ ಸೇರೋದಕ್ಕಿಂತ ಕಲಿತು, ನಾಲ್ಕು ಖಾಯಂ ಗಿರಾಕಿ ಆದ ಮೇಲೆ ಸಾಲ ಮಾಡೋದು ವಾಸಿ. ಎಕ್ಸ್‌ಟೆನ್ಶನ್ ಮಾಡಿಸಿದವರು ಎರಡು ಮೂರು ವಾರಕ್ಕೆ ರೀಫಿಲ್‌ಗೆ, ಅಂದರೆ ಉಗುರು ಬೆಳೆದು ಬುಡದಲ್ಲಾದ ಖಾಲಿ ಜಾಗ ತುಂಬಿಸಲು, ಬರಲೇಬೇಕು. ಅಂಥ 20 ಜನ ಇದ್ದರೆ ತಿಂಗಳು ನಡೆಯುತ್ತದೆ. ಅವರನ್ನು ಉಳಿಸೋದು ಮಾತು. ನಿಮ್ಮ ಕಾಲ್ ಸೆಂಟರ್ ದಿನಗಳು ದಂಡ ಅಂದುಕೊಳ್ಳಬೇಡಿ. ಎರಡು ಗಂಟೆ ಎದುರಿಗೆ ಕೂತವರ ಜೊತೆ ಹಿಂದಿ, ಮರಾಠಿ, ಇಂಗ್ಲಿಷಿನಲ್ಲಿ ತಾಳ್ಮೆಯಿಂದ ಮಾತಾಡೋದು ನನಗೆ ಕಲಿಯಲು ಎರಡು ವರ್ಷ ಹಿಡಿಯಿತು. ನಿಮಗೆ ಅದು ಈಗಲೇ ಬರುತ್ತದೆ, ಅಲ್ವಾ?
— ಥಾಣೆಯ ಒಬ್ಬ ಓದುಗರು

ಮಗಳೇ, ನಾನೂ ಡೊಂಬಿವಲಿಯವಳೇ. ನಮ್ಮ ಭಜನಾ ಮಂಡಳಿಯಲ್ಲಿ 11 ಜನ ಹೆಂಗಸರಿದ್ದೇವೆ. ಯಾವ ಕ್ಲಾಸಿಗೆ ಬೇಕಾದರೂ ಸೇರು, ಅಭ್ಯಾಸಕ್ಕೆ ಕೈ ಬೇಕು ಅಂತಾದರೆ ನಮ್ಮವು ಇವೆ. ಎಲ್ಲರನ್ನೂ ಕೇಳಿಯೇ ಬರೆಯುತ್ತಿದ್ದೇನೆ. ಒಬ್ಬರಿಗೆ ದಿನಾ ರೊಟ್ಟಿ ತಟ್ಟಿ ಉಗುರು ಸವೆದಿದೆ, ಇನ್ನೊಬ್ಬರದು ಪದರ ಪದರ ಏಳುತ್ತದೆ. ಬೇರೆ ಬೇರೆ ಥರದ ಕೈ ಸಿಗುತ್ತವೆ. ನನಗೆ ಸಕ್ಕರೆ ಕಾಯಿಲೆ ಇದೆ, ಹಾಗಾಗಿ ನನ್ನ ಕಾಲು ಮುಟ್ಟಬೇಡ, ಕೈಗೂ ಕತ್ತರಿ ಬೇಡ, ಬರೀ ಬಣ್ಣ ಹಚ್ಚು. ಪತ್ರಿಕೆಯವರ ಹತ್ತಿರ ನನ್ನ ನಂಬರ್ ಇದೆ. ಶನಿವಾರ 7ಕ್ಕೆ ಭಜನೆ, ನೀನು 5ಕ್ಕೇ ಬಾ. ಅಮ್ಮನನ್ನೂ ಕರೆದುಕೊಂಡು ಬಾ.
— ಡೊಂಬಿವಲಿ ಪೂರ್ವ