ಸಹಾಯ ಬೇಕು: 38 ಬಾಟಲಿ ಶಾಯಿಯನ್ನು ಬಳಸಿ ಮುಗಿಸುವ ಬಗೆ

ಎಲ್ಲರಿಗೂ ನಮಸ್ಕಾರ. ತುಮಕೂರಿನ ನನ್ನ ಮನೆಯ ಬೀರುವಿನಲ್ಲಿ ಇಪ್ಪತ್ತು ವರ್ಷಗಳಿಂದ ಆಸೆಪಟ್ಟು ಕೂಡಿಟ್ಟ ಕ್ಯಾಮ್ಲಿನ್, ಬ್ರಿಲ್, ಸುಲೇಖಾ, ಕ್ವಿಂಕ್ ಶಾಯಿಯ 38 ಬಾಟಲಿಗಳಿವೆ. ಪೆನ್ನಿನ ಕನ್ವರ್ಟರ್ (ಶಾಯಿ ಎಳೆದುಕೊಂಡು ತುಂಬಿಟ್ಟುಕೊಳ್ಳುವ ಒಳಗಿನ ಪುಟ್ಟ ಕೊಳವೆ) ಒಮ್ಮೆಗೆ ಒಂದು ಮಿಲಿಲೀಟರಿನಷ್ಟನ್ನೂ ಹಿಡಿಯುವುದಿಲ್ಲವಾದ್ದರಿಂದ, 60 ಮಿಲಿಲೀಟರಿನ ಒಂದೇ ಬಾಟಲಿಯನ್ನು ಅರವತ್ತಕ್ಕೂ ಹೆಚ್ಚು ಸಲ ತುಂಬಿಸಿಕೊಳ್ಳಬಹುದು. ದಿನಕ್ಕೆರಡು ಪುಟ ಬರೆಯುವ ನನ್ನಿಂದ ಇವು ಮುಗಿಯುವುದಿಲ್ಲ.

ಕಳೆದ ವಾರ ಹಳೆಯ ರಾಯಲ್ ಬ್ಲೂ ಬಾಟಲಿಯೊಂದರ ಮುಚ್ಚಳ ತೆರೆದಾಗ ಶಾಯಿಯ ಮೇಲೆ ಹಾಲಿನ ಕೆನೆಯಂತಹ ಬಿಳಿ ಪೊರೆ ಕಟ್ಟಿ, ಮುಗ್ಗಲು ವಾಸನೆ ಬಂದಿತು. ಬೂಷ್ಟು ಪೆನ್ನಿನ ನಾಲಿಗೆಗೂ (ನಿಬ್ಬಿಗೆ ಶಾಯಿ ಹರಿಸುವ ಭಾಗ) ಹತ್ತುತ್ತದೆಂದು ಅದನ್ನು ಚೆಲ್ಲಿದೆ, ಆದರೆ ಮನಸ್ಸಿಗೆ ನಿಜಕ್ಕೂ ನೋವಾಯಿತು.

ಉಳಿದವು ಕೆಡುವ ಮೊದಲು ಬಳಕೆಯಾಗಬೇಕು. ಬೇರೆ ಬೇರೆ ಕಂಪನಿಯ ಶಾಯಿಗಳನ್ನು ಬೆರೆಸಿದರೆ ಗಷ್ಟು ಕಟ್ಟಿ ನಿಬ್ಬು ಕಟ್ಟಿಕೊಳ್ಳಬಹುದಾದ್ದರಿಂದ ಆ ದಾರಿ ನನಗೆ ಒಪ್ಪಿಗೆಯಿಲ್ಲ. ಕುಂಚದಿಂದ ಚಿತ್ರ ಬರೆಯಲು ಇವನ್ನು ಬಳಸಿದವರಿದ್ದರೆ, ಯಾವ ಕಾಗದ ಹೊಂದುತ್ತದೆ, ಬಿಸಿಲಿಗೆ ಯಾವ ಬಣ್ಣ ಬೇಗ ಮಾಸುತ್ತದೆ ಎಂದು ದಯವಿಟ್ಟು ತಿಳಿಸಿ. ಗುಬ್ಬಿ, ಶಿರಾ, ತಿಪಟೂರು ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ಶಾಯಿ ಪೆನ್ನಿನಲ್ಲಿ ದುಂಡಗೆ ಬರೆಯುವುದನ್ನು ಕಲಿಸುವ ಮೇಷ್ಟ್ರುಗಳಿದ್ದರೆ, ಒಳ್ಳೆಯ ಸ್ಥಿತಿಯಲ್ಲಿರುವ ಹತ್ತು ಹನ್ನೆರಡು ಬಾಟಲಿಗಳನ್ನು ನಾನೇ ತಂದು ಕೊಡುತ್ತೇನೆ.