ಸೌಂಡ್‌ಬಾರಿನ ಹಿಂದಿನ ವೈರ್‌ಲೆಸ್ ಸ್ಪೀಕರ್ ನಡುನಡುವ ಗಪ್ ಆಗ್ತಾವ

ಪ್ರಶ್ನೆ (ವಿದ್ಯಾನಗರ, ಹುಬ್ಬಳ್ಳಿ)
5.1 ಸೌಂಡ್‌ಬಾರ್ (ಟಿವಿ ಮುಂದ ಇಡೂ ಉದ್ದನ ಸ್ಪೀಕರ್) ಐತ್ರಿ. ಹಿಂದಿನ ಎರಡು ಸ್ಪೀಕರ್ ಸೋಫಾ ಹಿಂದ, ಬಾರ್‌ನಿಂದ 14 ಫೂಟ್. ಒಮ್ಮೊಮ್ಮೆ ಎರಡೂ ಕೂಡೇ ಗಪ್ ಆಗಿ 10 ಸೆಕೆಂಡಿನ್ಯಾಗ ತಾವ ಹೊಳ್ಳಿ ಬರ್ತಾವ. ಎಡಗಡೆದು ಬ್ಯಾರೆ ಹೊತ್ತಿನ್ಯಾಗೂ ಒಂದ ಹೋಗ್ತೈತಿ. ಮುಂದಿನ ದನಿ ನಿಂದ್ರೂದಿಲ್ಲ. ಮೂರು ಸಲ ಪೇರಿಂಗ್ ಮಾಡಿದ್ರೂ ಅಷ್ಟ. ರೌಟರ್ ಬಾರ್ ಪಕ್ಕದಾಗ ಐತಿ.

ಉತ್ತರ (ಧಾರವಾಡ)
ಪೇರಿಂಗ್ ಬಿಡ್ರಿ ಸರ್. ಅದು ಬಾರ್, ಸ್ಪೀಕರ್ ಒಂದರ ಗುರ್ತು ಒಂದು ಇಟ್ಕೊಳ್ಳೂದು ಅಷ್ಟ. ತಾವ ತಿರುಗಿ ಕೂಡ್ತಾವ ಅಂದಮ್ಯಾಲ ಗುರ್ತು ಹೋಗಿಲ್ಲ.

ಗಪ್ ಆದಾಗ ಸ್ಪೀಕರ್ ಲೈಟ್ ನೋಡ್ರಿ. ಮಿಣುಕಿದ್ರ ಸಿಗ್ನಲ್ ಕಡಿದದ, ಪೂರ್ತಿ ಆರಿದ್ರ ಕರೆಂಟ್ ಹೋಗೇದ. ಲೈಟ್ ನೆಟ್ಟಗ ಇದ್ದು ದನಿ ಅಷ್ಟ ಇಲ್ಲಂದ್ರ ಅದು ದೋಷನ ಅಲ್ಲ: ಸ್ಟೀರಿಯೋ ಕಾರ್ಯಕ್ರಮಕ್ಕ ಸ್ಟ್ಯಾಂಡರ್ಡ್ ಮೋಡಿನ್ಯಾಗ ಭಾಳ ಬಾರ್‌ಗಳು ಹಿಂದಿನವನ್ನ ಸುಮ್ಮನ ಇಡ್ತಾವ. ಸರೌಂಡ್ ಮೋಡ್ ಹಾಕಿ ನೋಡ್ರಿ.

ಆಮ್ಯಾಲ ಎಡ-ಬಲ ಸ್ಪೀಕರ್ ಅದಲುಬದಲು ಮಾಡ್ರಿ, ಪವರ್ ವೈರ್ ಇದ್ದಲ್ಲೇ ಇರ್ಲಿ. ತ್ರಾಸು ಸ್ಪೀಕರ್ ಜೋಡಿ ಹೋದ್ರ ಸ್ಪೀಕರ್‌ದು, ಎಡಕ್ಕ ಉಳಿದ್ರ ಆ ಜಾಗಾದ್ದು.

ರೌಟರ್ ಕನಿಷ್ಠ 3 ಫೂಟ್ ದೂರ ಸರಸ್ರಿ. ಪಕ್ಕದಾಗ ಅದು ಒದರ್ಲಿಕ್ಕತ್ರ ಬಾರ್ ಮಾತು ಹಿಂದಿನವಕ್ಕ ಎಲ್ಲಿ ಕೇಳ್ತದ? ಸ್ಪೀಕರ್ ಯಾವ ಬ್ಯಾಂಡಿನ್ಯಾಗ (ರೇಡಿಯೋ ತರಂಗದ ಪಟ್ಟಿ) ನಡೀತಾವ ಅಂತ ಮ್ಯಾನ್ಯುಯಲ್‌ದಾಗ ಬರ್ದಿರ್ತಾರ. 2.4 ಗಿಗಾಹರ್ಟ್ಸ್ ಇದ್ರ ರೌಟರ್ ಸೆಟ್ಟಿಂಗ್‌ದಾಗ ಚಾನೆಲ್ (ಬ್ಯಾಂಡಿನ ಒಂದು ತುಂಡು) ಅಗಲ 20 ಮೆಗಾಹರ್ಟ್ಸ್‌ಗೆ ಇಳಿಸಿ ಚಾನೆಲ್ 1, 6, 11 ಒಂದೊಂದಾಗಿ ಹಚ್ಚಿ ನೋಡ್ರಿ. ಮೈಕ್ರೋವೇವ್ ಓವನ್‌ದೂ ಇದ ಬ್ಯಾಂಡ್. 5 ಗಿಗಾಹರ್ಟ್ಸ್ ಇದ್ರ ಚಾನೆಲ್ 36 ಬಿಟ್ಟು 149ಕ್ಕ ಹೋಗ್ರಿ, ಅಗಲ 80 ಇದ್ದದ್ದು 40 ಮಾಡ್ರಿ. 80 ಇಟ್ರ ಒಂದ ರೌಟರ್ 36ರಿಂದ 48ರ ತನಕ ನಾಕೂ ಚಾನೆಲ್ ನುಂಗ್ತದ.

ಉತ್ತರ (ಗದಗ)
ಇನ್ವರ್ಟರ್ ಲೈನ್ ನೋಡ್ರೀ. ನಮ್ಮ ಕಡೆ ಟಿವಿ ಪ್ಲಗ್ ಇನ್ವರ್ಟರ್ ಮ್ಯಾಲ, ಸೋಫಾ ಹಿಂದಿನ ಪ್ಲಗ್ ಸಾದಾ ಲೈನ್ ಮ್ಯಾಲ ಇರೂದು ಭಾಳ. ಕರೆಂಟ್ ಒಂದು ಸೆಕೆಂಡ್ ಹೋಗಿ ಬಂದ್ರೂ ಬಾರ್ ನಡದ ಇರ್ತೈತಿ, ಹಿಂದಿನವು ಮೊದಲಿಂದ ಚಾಲೂ ಆಗಬೇಕು. ಎರಡೂ ಇನ್ವರ್ಟರ್ ಮ್ಯಾಲನ ಇದ್ರ ಅದರ ಸ್ವಿಚ್ ಯುಪಿಎಸ್ ಮೋಡಿಗೆ ಹಾಕ್ರಿ, ಲೈನ್ ಬದಲೂದು ಲಗೂ ಆಗ್ತೈತಿ. ಸ್ಪೀಕರ್ ಹಿಂದಿನ ಎಂಟರ ಆಕಾರದ ಪಿನ್ನೂ ಒತ್ತಿ ನೋಡ್ರಿ, ಅರ್ಧ ಕೂತಿರ್ತೈತಿ.

ಪ್ರಶ್ನೆ ಕೇಳಿದವರು
ಎರಡೂ ಕೂಡೇ ಹೋದಾಗ ಲೈಟ್ ಮಿಣಕತಾವ. ಬ್ಯಾಂಡ್ 5 ಗಿಗಾಹರ್ಟ್ಸ್. ರೌಟರ್ ಗ್ವಾಡಿ ಮಾಡದಾಗ ಇಟ್ಟು 149, 40 ಮಾಡಿದೆ, ಎರಡು ಸಿನಿಮಾ ಮುಗಿಯೂತನಕ ಒಮ್ಮೆನೂ ಕಡೀಲಿಲ್ಲ. ಎಡಗಡೆದು ಮಾತ್ರ ಹಂಗ ಐತಿ, ಲೈಟ್ ಪೂರ್ತಿ ಆರ್ತೈತಿ. ಸ್ಪೀಕರ್ ಅದಲುಬದಲು ಮಾಡಿದ್ರೂ ತ್ರಾಸು ಎಡಕ್ಕ ಉಳೀತು. ಅಲ್ಲಿ ಹಳೇ ಎಕ್ಸ್‌ಟೆನ್ಶನ್ ಬೋರ್ಡ್ ಐತ್ರಿ, ಪ್ಲಗ್ ಅಳ್ಳಾಡ್ತೈತಿ.

ಉತ್ತರ (ಗದಗ)
ಸಿಕ್ತಲ್ರೀ ಕಳ್ಳ! ಬೋರ್ಡ್ ಒಳಗಿನ ಹಿತ್ತಾಳಿ ಪಟ್ಟಿ ಅಗಲಾಗಿ ಪಿನ್ ಹಿಡಿಯೂದಿಲ್ಲ. ಕಾಗದ ತುರುಕಿ ಬಿಗಿ ಮಾಡಾಕ ಹೋಗಬ್ಯಾಡ್ರಿ, ಕಿಡಿ ಹಾರಿ ಪ್ಲಾಸ್ಟಿಕ್ ಕರಗ್ತೈತಿ. ಬೋರ್ಡ್ ಹೊಸಾದು ತರ್ರಿ, ಇಲ್ಲಾ ಸೀದಾ ಗ್ವಾಡಿ ಪ್ಲಗ್ಗಿಗೆ ಹಚ್ರಿ.