ಅಲಾಸ್ಕಾ ಕ್ರೂಸ್‌ಗೆ ಒಬ್ಬಳೇ ಹೋಗ್ತಿದೀನಿ, ರಾತ್ರಿ ಊಟಕ್ಕೆ ಏನ್ ಮಾಡ್ಲಿ?

ಶರಾವತಿ_ತೀರ

ಎಲ್ರಿಗೂ ನಮಸ್ಕಾರ. ನನಗೆ 61 ವರ್ಷ, ಶಿವಮೊಗ್ಗದಲ್ಲಿ ಪಿಯು ಕಾಲೇಜಲ್ಲಿ ಪಾಠ ಮಾಡಿ ರಿಟೈರ್ ಆದೆ, ಈಗ ಸಿಯಾಟಲ್ ಹತ್ರ ಮಗಳ ಮನೇಲಿದೀನಿ. ಬರೋ ಜೂನ್‌ನಲ್ಲಿ 7 ರಾತ್ರಿಯ ಅಲಾಸ್ಕಾ ಕ್ರೂಸ್ ಬುಕ್ ಆಗಿದೆ. ಸಿಯಾಟಲ್‌ನಿಂದ ಹೊರಟು ಜುನೋ, ಸ್ಕ್ಯಾಗ್ವೇ, ಕೆಚಿಕಾನ್, ಆಮೇಲೆ ಕೆನಡಾದ ವಿಕ್ಟೋರಿಯಾ, ಅಲ್ಲಿಂದ ವಾಪಸ್. ನಾನು ಮತ್ತೆ ನನ್ನ ಜೊತೆ 27 ವರ್ಷ ಕೆಲಸ ಮಾಡಿದ ಗೆಳತಿ ಇಬ್ರೂ ಹೋಗೋದು ಅಂತ ಇತ್ತು, ಅವಳೂ ಮಗನ ಮನೆಗೆ ಕ್ಯಾಲಿಫೋರ್ನಿಯಾಗೆ ಬಂದಿದಾಳೆ, ಹೋದ ವಾರ ಮೆಟ್ಟಿಲಲ್ಲಿ ಜಾರಿ ಪಾದದ ಮೂಳೆ ಮುರ್ಕೊಂಡ್ಲು. ದುಡ್ಡು ಪೂರ್ತಿ ಕಟ್ಟಿ ಆಗಿದೆ, ಮಗಳಿಗೆ ರಜೆ ಇಲ್ಲ, ಗೆಳತಿನೇ ಫೋನ್ ಮಾಡಿ ನೀನಾದ್ರೂ ಹೋಗಿ ನೋಡ್ಕೊಂಡು ಬಾ ಅಂತ ಹಠ ಮಾಡ್ತಿದಾಳೆ.

ಓಡಾಟಕ್ಕೆ ನನಗೆ ಹೆದರಿಕೆ ಇಲ್ಲ, ಒಬ್ಬಳೇ ರೂಮಲ್ಲಿ ಮಲಗೋಕೂ ತೊಂದ್ರೆ ಇಲ್ಲ. ಕಷ್ಟ ಅನ್ಸಿರೋದು ರಾತ್ರಿ ಊಟ. ನಿಜ ಹೇಳ್ಬೇಕು ಅಂದ್ರೆ ಇಷ್ಟು ವರ್ಷದಲ್ಲಿ ಹೋಟ್ಲಲ್ಲಿ ಒಬ್ಬಳೇ ಟೇಬಲ್ ಹಿಡಿದು ಕೂತು ಊಟ ಮಾಡಿದ್ದೇ ಇಲ್ಲ. ನಾವು ಚಿಕ್ಕವರಿದ್ದಾಗ ಹೆಂಗಸರು ಹೋದ್ರೆ ಪರದೆ ಹಾಕಿರೋ ಫ್ಯಾಮಿಲಿ ರೂಮಿಗೆ ಕಳಿಸ್ತಿದ್ರು, ಆಮೇಲೆ ವ್ಯಾಲ್ಯುಯೇಶನ್‌ಗೆ ಅಂತ ಬೆಂಗಳೂರಿಗೆ ಹೋದಾಗೆಲ್ಲ ದರ್ಶಿನಿಯಲ್ಲಿ ನಿಂತ್ಕೊಂಡು ತಿಂದು ಬರ್ತಿದ್ದೆ, ಅಲ್ಲಿ ಯಾರು ಒಬ್ರು ಯಾರು ಇಬ್ರು ಅಂತ ಯಾರೂ ನೋಡಲ್ಲ. ಈ ಹಡಗಿನ ಡೈನಿಂಗ್ ರೂಮ್ ಫೋಟೋ ನೋಡಿದ್ರೆ ಬಿಳಿ ಬಟ್ಟೆ ಹಾಸಿದ ಟೇಬಲ್ಲು, ಸುತ್ತ ಎಲ್ಲ ಜೋಡಿಗಳು, ಸಂಸಾರಗಳು. ಏಳು ರಾತ್ರಿ ಅಲ್ಲಿ ಒಬ್ಬಳೇ ಕೂರೋದಾ, ಬೇರೆಯವರ ಜೊತೆ ಕೂರಿಸ್ತಾರಾ, ಅಥವಾ ದಿನಾ ಬಫೆಯಲ್ಲಿ ಏನೋ ಹಾಕ್ಕೊಂಡು ರೂಮಿಗೆ ಬಂದ್ಬಿಡ್ಲಾ? ನಾನು ಸಸ್ಯಾಹಾರಿ, ಮೊಟ್ಟೆನೂ ತಿನ್ನಲ್ಲ. ಒಬ್ರೇ ಹೋಗಿ ಬಂದವರು ಇದ್ರೆ ದಯವಿಟ್ಟು ಹೇಳಿ.

ಮಲ್ಲಿಗೆ_ಸನಿವೇಲ್

ಮೇಡಂ, ದಯವಿಟ್ಟು ಹೋಗಿ ಬನ್ನಿ. ನಾನು ಎರಡು ವರ್ಷದ ಹಿಂದೆ ಇದೇ ರೂಟಲ್ಲಿ ಒಬ್ಬಳೇ ಹೋಗಿದ್ದೆ, ಆಗ ನನಗೆ 44, ನಿಮ್ಮ ಹಾಗೇ ಉಳಿದ ಯಾವುದಕ್ಕೂ ಹೆದರದೆ ಊಟಕ್ಕೆ ಹೆದರಿದ್ದೆ.

ಮೊದಲನೇ ರಾತ್ರಿ ಬಾಗಿಲಲ್ಲಿ ನಿಂತಿದ್ದ ಹುಡುಗಿ ಎಷ್ಟು ಜನ ಅಂತ ಕೇಳಿದ್ಲು, ಒಬ್ಳೇ ಅಂದೆ. ಕಂಬದ ಪಕ್ಕ ಇಬ್ಬರು ಕೂರೋ ಚಿಕ್ಕ ಟೇಬಲ್‌ಗೆ ಕರ್ಕೊಂಡು ಹೋದ್ಲು. ನಾನು ಕೂತ ತಕ್ಷಣ ಒಬ್ಬ ಬಂದು ಎದುರುಗಡೆ ಇಟ್ಟಿದ್ದ ತಟ್ಟೆ, ಎರಡು ಗ್ಲಾಸು, ಮಡಚಿಟ್ಟ ನ್ಯಾಪ್ಕಿನ್, ಚಾಕು, ಫೋರ್ಕು, ಚಮಚ ಎಲ್ಲ ಒಂದೊಂದಾಗಿ ಎತ್ಕೊಂಡು ಹೋದ. ಒಂದು ನಿಮಿಷದ ಕೆಲಸ ಅದು, ಆದ್ರೆ ಆ ಖಾಲಿ ಬಟ್ಟೆ ನೋಡ್ತಾ ನನಗೆ ಗಂಟಲು ಕಟ್ಟಿತು, ಸೂಪು ಕುಡಿದು ಎದ್ದು ಬಂದ್ಬಿಟ್ಟೆ. ಮಾರನೇ ದಿನ ಬೆಳಗ್ಗೆ ಯಾರ್ ಹತ್ರನೋ ಕೇಳಿದಾಗ ಗೊತ್ತಾಯ್ತು, ದೊಡ್ಡ ಟೇಬಲ್ ಬೇಕು ಅಂತ ನಾವೇ ಬಾಯಿ ಬಿಟ್ಟು ಕೇಳ್ಬೇಕಂತೆ. ಅವರಾಗಿ ಅವರು ಕೂರಿಸಲ್ಲ, ಕೆಲವರಿಗೆ ಅಪರಿಚಿತರ ಜೊತೆ ಕೂರೋದು ಇಷ್ಟ ಇರಲ್ಲ ಅಂತ.

ಮೊದಲು ನಿಮ್ಮ ಬುಕಿಂಗ್ ನೋಡಿ. ಬಹುಪಾಲು ಹಡಗಲ್ಲಿ ಎರಡು ಥರ ಇರತ್ತೆ. ಒಂದು ಫಿಕ್ಸೆಡ್, ಅಂದ್ರೆ ಸಂಜೆ ಐದೂವರೆ ಸುಮಾರಿಗೆ ಒಂದು ಪಂಕ್ತಿ, ಎಂಟು ಗಂಟೆ ಸುಮಾರಿಗೆ ಇನ್ನೊಂದು, ದಿನಾ ಅದೇ ಟೇಬಲ್ಲು, ಅದೇ ಜನ, ಅದೇ ವೇಟರು. ಇನ್ನೊಂದು ಎನಿಟೈಮ್, ಯಾವಾಗ ಬೇಕಾದ್ರೂ ಹೋಗ್ಬಹುದು, ದಿನಾ ಬೇರೆ ಟೇಬಲ್. ಒಬ್ರೇ ಹೋಗೋರಿಗೆ ಫಿಕ್ಸೆಡ್ ವಾಸಿ, ಅದ್ರಲ್ಲಿ ಆರು ಅಥವಾ ಎಂಟು ಜನರ ಟೇಬಲ್ ಕೇಳಿ. ಇಬ್ಬರ ಜೊತೆ ಮೂರನೆಯವರಾಗಿ ಮಾತ್ರ ಬೇಡ, ಗಂಡ ಹೆಂಡತಿ ಮಾತಾಡ್ಕೊಳ್ತಿದ್ರೆ ನಾವು ಬ್ರೆಡ್ ನೋಡ್ತಾ ಕೂರ್ಬೇಕು. ಎಂಟು ಜನ ಇದ್ರೆ ಎಡಗಡೆಯವರು ಸರಿಹೋಗ್ಲಿಲ್ಲ ಅಂದ್ರೆ ಬಲಗಡೆಯವರು ಇದ್ದೇ ಇರ್ತಾರೆ. ನಾನು ಎರಡನೇ ದಿನದಿಂದ ಹಾಗೆ ಕೂತೆ, ಅದ್ರಲ್ಲಿ ಮೂರು ಜನ ನನ್ನ ಥರ ಒಬ್ಬೊಬ್ರೇ ಬಂದವರು. ಮತ್ತೆ ಹಡಗಿನ ಆ್ಯಪ್‌ನಲ್ಲಿ ಇಲ್ಲಾ ದಿನದ ಕಾರ್ಯಕ್ರಮದ ಹಾಳೆಯಲ್ಲಿ ಮೊದಲ ಒಂದೆರಡು ದಿನ ಸೋಲೋ ಟ್ರಾವೆಲರ್ಸ್ ಮೀಟ್ ಅಂತ ಹಾಕಿರ್ತಾರೆ, ತಪ್ಪದೆ ಹೋಗಿ, ಊಟದ ಜೊತೆ ಅಲ್ಲೇ ಸಿಕ್ಬಿಡತ್ತೆ.

ಅಂದ ಹಾಗೆ ವಿಕ್ಟೋರಿಯಾ ಇರೋದ್ರಿಂದ ನಮ್ಮ ಪಾಸ್‌ಪೋರ್ಟ್‌ಗೆ ಕೆನಡಾ ವೀಸಾ ಬೇಕು, ಅಮೆರಿಕದ ವೀಸಾನೂ ಮಲ್ಟಿಪಲ್ ಎಂಟ್ರಿ ಆಗಿರ್ಬೇಕು. ಮಾಡಿಸಿದೀರಿ ಅನ್ಕೊಂಡಿದೀನಿ.

ಕಡಲಮಗ_ಕುಂದಾಪುರ

ಅಕ್ಕ, ನಾನು ಒಂಬತ್ತು ವರ್ಷ ಹಡಗಲ್ಲಿ ಡೈನಿಂಗ್ ರೂಮಲ್ಲೇ ಕೆಲಸ ಮಾಡಿದವ, ಅಸಿಸ್ಟೆಂಟ್ ವೇಟರ್ ಆಗಿ ಸೇರಿ ಹೆಡ್ ವೇಟರ್ ಆಗಿ ಬಿಟ್ಟು ಬಂದೆ, ಈಗ ಊರಲ್ಲಿದ್ದೇನೆ. ಅಲಾಸ್ಕಾದಲ್ಲಿ ಮೂರು ಸೀಸನ್ ಮಾಡಿದ್ದೇನೆ. ಹಾಗಾಗಿ ಆಚೆ ಕಡೆಯಿಂದ ಹೇಗೆ ಕಾಣ್ತದೆ ಅಂತ ಹೇಳ್ತೇನೆ.

ಮೇಲೆ ಬರೆದವರ ಎದುರಿನ ತಟ್ಟೆ ತೆಗೆದದ್ದು ಓದಿ ಬೇಜಾರಾಯಿತು. ಅದು ಸರ್ವಿಸಿನ ಕ್ರಮ, ಕೂರದ ಜಾಗದ ಸಾಮಾನು ತೆಗೆದು ಟೇಬಲ್ ಖಾಲಿ ಮಾಡುವುದು, ನಾನೂ ನೂರಾರು ಸಲ ತೆಗೆದಿದ್ದೇನೆ. ಕೂತವರಿಗೆ ಹೀಗೆ ಆಗ್ತದೆ ಅಂತ ನಿಜವಾಗಿ ಯೋಚಿಸಿರಲಿಲ್ಲ. ನಿಮಗೆ ಬೇಡ ಅಂತಾದ್ರೆ ಇರ್ಲಿ ಬಿಡಿ ಅಂತ ಹೇಳಿ, ಯಾರೂ ತೆಗೆಯುವುದಿಲ್ಲ.

ಈಗ ಕೆಲಸದ ಮಾತು. ಹಡಗು ಹತ್ತಿದ ದಿನ ಮಧ್ಯಾಹ್ನ ಎಲ್ಲರೂ ಬಫೆಗೆ ಓಡ್ತಾರೆ. ನೀವು ಊಟ ಮುಗಿಸಿ ಸೀದಾ ಮೇನ್ ಡೈನಿಂಗ್ ರೂಮಿನ ಬಾಗಿಲಿಗೆ ಹೋಗಿ. ಆ ಹೊತ್ತಿಗೆ ಟೇಬಲ್ ಬದಲಾವಣೆಗೆ ಅಂತಲೇ ಮೇತ್ರ್ ಡೀ, ಅಂದ್ರೆ ಡೈನಿಂಗ್ ರೂಮಿನ ಮುಖ್ಯಸ್ಥ, ಅಥವಾ ಹೆಡ್ ವೇಟರ್ ಒಬ್ಬರು ಅಲ್ಲಿ ಕೂತಿರ್ತಾರೆ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತು ಅಂತ ಆ್ಯಪ್‌ನಲ್ಲಿ ಇರ್ತದೆ. ಅವರ ಹತ್ತಿರ ಮೂರು ವಿಷಯ ಹೇಳಿ. ಒಬ್ಬಳೇ ಇದ್ದೇನೆ, ದೊಡ್ಡ ಟೇಬಲ್ ಬೇಕು, ಮತ್ತೆ ಸಸ್ಯಾಹಾರಿ ಮೊಟ್ಟೆಯೂ ಇಲ್ಲ. ಅಲ್ಲೇ ಕಂಪ್ಯೂಟರಿಗೆ ಹಾಕ್ತಾರೆ. ರಾತ್ರಿ ಊಟದ ಹೊತ್ತಿಗೆ ಬಾಗಿಲಲ್ಲಿ ಉದ್ದ ಸಾಲು ಇರುವಾಗ ಕೇಳಿದ್ರೆ ಪಾಪ ಅವರಿಗೂ ಕೈ ಕಾಲು ಆಡುವುದಿಲ್ಲ, ಸಿಕ್ಕಿದ ಕಡೆ ಕೂರಿಸಿಬಿಡ್ತಾರೆ. ಕೊಟ್ಟ ಟೇಬಲ್ ಹಿಡಿಸಲಿಲ್ಲವಾ, ಏಳು ದಿನ ಸಹಿಸಬೇಡಿ, ಎರಡನೇ ದಿನ ಬೆಳಗ್ಗೆ ಹೋಗಿ ಬದಲಾಯಿಸಿ ಅಂತ ಹೇಳಿ. ಯಾಕೆ ಅಂತ ಕಾರಣ ಕೇಳುವುದಿಲ್ಲ, ಆ ಟೇಬಲಿನವರಿಗೂ ನಾವು ಏನೂ ಹೇಳುವುದಿಲ್ಲ.

ಊಟದ ಬಗ್ಗೆ. ಮೆನುವಿನಲ್ಲಿ ವೆಜ್ ಗುರುತು ಇದ್ದದ್ದರಲ್ಲೂ ಮೊಟ್ಟೆ, ಚೀಸ್ ಇರ್ಬಹುದು, ಪಾಸ್ತಾದಲ್ಲಿ ಕೆಲವು ಸಲ ಮೊಟ್ಟೆ ಉಂಟು, ತರಕಾರಿ ಸೂಪ್ ಅಂತ ಇದ್ರೂ ಚಿಕನ್ ಸ್ಟಾಕ್ ಹಾಕಿರ್ತಾರೆ, ಮೌಸ್ ಥರದ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವ ಜಿಲೆಟಿನ್ ಇರ್ಬಹುದು. ಕೇಳಿಯೇ ತಿನ್ನಿ. ದೊಡ್ಡ ಹಡಗಲ್ಲಿ ಅಡುಗೆಮನೆಯಲ್ಲಿ ನಮ್ಮವರು ಸುಮಾರು ಇರ್ತಾರೆ, ಗೋವಾ, ಕೇರಳ, ಮುಂಬೈ, ಮಂಗಳೂರು ಕಡೆಯವರು. ಇವತ್ತು ರಾತ್ರಿ ಹೆಡ್ ವೇಟರಿಗೆ ಹೇಳಿದ್ರೆ ನಾಳೆ ರಾತ್ರಿಗೆ ದಾಲ್, ಪಲ್ಯ, ಅನ್ನ, ರೋಟಿ ಮಾಡಿಸಿ ಕೊಡ್ತಾರೆ. ಒಂದು ದಿನ ಮುಂಚೆ ಹೇಳ್ಬೇಕು ಅಷ್ಟೆ. ಟಿಪ್ಸು ದಿನದ ಲೆಕ್ಕದಲ್ಲಿ ನಿಮ್ಮ ಅಕೌಂಟಿಗೇ ಸೇರ್ತದೆ, ತಲೆಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು, ಟೇಬಲಲ್ಲಿ ಪುನಃ ಕೊಡಲೇಬೇಕು ಅಂತ ಇಲ್ಲ.

ಒಬ್ಬರೇ ಬಂದವರನ್ನು ನಾವು ಪಾಪ ಅಂತ ನೋಡುವುದಿಲ್ಲ ಅಕ್ಕ. ನಾವೂ ಆರೇಳು ತಿಂಗಳು ಕಾಂಟ್ರಾಕ್ಟಿಗೆ ಮನೆಯವರನ್ನು ಬಿಟ್ಟು ಒಬ್ಬೊಬ್ಬರೇ ಬಂದವರು. ಕನ್ನಡ ಮಾತಾಡುವ ಒಬ್ಬರು ಟೇಬಲಿಗೆ ಬಂದ್ರು ಅಂತಾದ್ರೆ ನನಗೆ ಆ ವಾರ ಊರಿಗೆ ಹೋಗಿ ಬಂದ ಹಾಗೆ ಆಗ್ತಿತ್ತು.

ಉಣಕಲ್_ಕೆರಿ

ನಮಸ್ಕಾರ ಅಕ್ಕಾರ. ನಾ ಹುಬ್ಬಳ್ಳಿಯಾಂವ, ಈಗ ವ್ಯಾಂಕೂವರ್‌ನಾಗ ಇರ್ತೀನಿ, ಅಲಾಸ್ಕಾಕ್ಕ ಎರಡು ಸಲ ಒಬ್ಬಾವನ ಹೋಗೇನಿ. ಎಲ್ಲಾರೂ ಮಂದಿ ಜೋಡಿ ಕುಂದರ್ರಿ ಅನ್ನಾಕತ್ತಾರ, ನಾ ಸ್ವಲ್ಪ ಬ್ಯಾರೆ ಹೇಳ್ತೀನಿ. ಏಳೂ ರಾತ್ರಿ ಹಂಗ ಮಾಡಬ್ಯಾಡ್ರಿ. ದಿನಾ ಎರಡು ತಾಸು ಇಂಗ್ಲಿಷ್‌ನಾಗ ಎಲ್ಲಿಂದ ಬಂದ್ರಿ, ಮಕ್ಕಳೆಷ್ಟು ಅಂತ ಮಾತಾಡಿ ಮಾತಾಡಿ ನನಗ ನಾಕನೇ ದಿನಕ್ಕ ಸಾಕಾಗಿತ್ತು.

ಜೂನ್‌ನಾಗ ಜುನೋದಾಗ ಸೂರ್ಯ ಮುಳುಗೂದು ರಾತ್ರಿ ಹತ್ತರ ಸುಮಾರು. ಅಂದ್ರ ನೀವು ಎಂಟಕ್ಕ ಊಟಕ್ಕ ಕುಂತ್ರೂ ಹೊರಗ ಹಗಲ ಇರ್ತದ. ಹಡಗ ಬಂದರ ಬಿಟ್ಟು ಸಣ್ಣ ಕಾಲುವಿಯಂಥಾ ದಾರ್ಯಾಗ ಹೊಂಟಿರ್ತದ, ಎರಡೂ ಕಡೆ ಗುಡ್ಡ, ಮ್ಯಾಲೆ ಹಿಮ, ಗುಡ್ಡದ ಮೈಮ್ಯಾಲೆ ನೀರು ಬಿಳಿ ದಾರಧಂಗ ಇಳಿತಿರ್ತದ. ಮ್ಯಾಲಿನ ಡೆಕ್ಕಿನ ಬಫೆಯೊಳಗ ಹಿಂಬದಿ ಕಿಡಕಿ ಹಿಡಕೊಂಡು ಕುಂದರ್ರಿ. ನಾ ಅಲ್ಲಿ ಒಂದ ಬಟ್ಟಲು ಅನ್ನ, ಕಾಳಿನ ಪಲ್ಯ ಹಾಕ್ಕೊಂಡು ಕುಂತಾಗ ತಿಮಿಂಗಿಲದ ಬಾಲ ನೀರಿನಿಂದ ಮ್ಯಾಲೆ ಬಂದು, ಒಂದ ಗಳಿಗಿ ನಿಂತು, ಸದ್ದಿಲ್ಲದ ಒಳಗ ಹೋತು. ಯಾರರ ಎದುರಿಗೆ ಕುಂತು ಮಾತಾಡಿದ್ದರ ನಾ ಅದನ್ನ ನೋಡ್ತಿದ್ದಿಲ್ಲ. ಹಿಮನದಿ ನೋಡೂ ದಿನಾನೂ ಹಂಗ, ಅವತ್ತು ತಟ್ಟಿ ಹಿಡಕೊಂಡು ಒಬ್ಬರ ಇರ್ರಿ.

ಇನ್ನೊಂದು ಮಾತು, ಸಿಯಾಟಲ್‌ನಿಂದ ಹೊಂಟ ಹಡಗ ಬಾಳಷ್ಟು ಸಲ ವ್ಯಾಂಕೂವರ್ ದ್ವೀಪದ ಹೊರಗಿನ ಸಮುದ್ರದಾಗ ಹಾದು ಹೋಗ್ತಾವು, ಮೊದಲನೇ ಪೂರ್ತಿ ದಿನ ತೂಗಾಡ್ತದ. ಅವತ್ತು ಹಗೂರ ಊಟ ಮಾಡ್ರಿ. ಮತ್ತ ಆ ವಿಕ್ಟೋರಿಯಾ ಯಾಕ ಅಂತ ಭಾಳ ಮಂದಿ ಕೇಳ್ತಾರ, ಪರದೇಶದ ಬಾವುಟದ ಹಡಗ ಅಮೆರಿಕದಾಗ ಹತ್ತಿಸಿಕೊಂಡು ಅಮೆರಿಕದಾಗ ಇಳಿಸಬೇಕಂದ್ರ ನಡುವ ಒಂದು ಪರದೇಶದ ಬಂದರಕ್ಕ ಹೋಗಬೇಕು, 1886ರ ಕಾನೂನು ಅದು. ಅಲ್ಲಿಗೆ ಹಡಗ ಹೆಚ್ಚಾಗಿ ಸಂಜಿಗೇ ಮುಟ್ಟತದ, ಅವತ್ತು ಎಲ್ಲಾರೂ ಲಗೂನ ಉಂಡು ಇಳಿತಾರ, ನಿಮ್ಮ ಟೇಬಲ್ ಖಾಲಿ ಇದ್ರ ಅಂಜಬ್ಯಾಡ್ರಿ.

ಶರಾವತಿ_ತೀರ

ಎಷ್ಟು ಬಿಡಿಸಿ ಹೇಳಿದೀರಿ ಎಲ್ರೂ, ತುಂಬಾ ಥ್ಯಾಂಕ್ಸ್. ಕೆನಡಾ ವೀಸಾ ಆಗಿದೆ. ಮಗಳು ಬುಕಿಂಗ್ ನೋಡಿ ಎನಿಟೈಮ್ ಇದ್ದಿದ್ದನ್ನ ಫಿಕ್ಸೆಡ್‌ಗೆ ಹಾಕಿದ್ಲು. ಇನ್ನೆರಡು ವಿಷಯ ಕೇಳೋಕೆ ಸಂಕೋಚ ಆಗ್ತಿದೆ, ಆದ್ರೂ ಕೇಳ್ತೀನಿ. ಸೀರೆ ಉಟ್ಕೊಂಡು ಹೋದ್ರೆ ನಡಿಯತ್ತಾ? ಮತ್ತೆ ದಾಲ್ ಅನ್ನ ಕೊಟ್ರೆ ಕೈಯಲ್ಲಿ ಕಲಸಿ ತಿನ್ಬಹುದಾ, ಫೋರ್ಕಲ್ಲಿ ಅನ್ನ ತಿಂದ್ರೆ ನನಗೆ ಊಟ ಮಾಡಿದ ಹಾಗೇ ಆಗಲ್ಲ.

ಕಡಲಮಗ_ಕುಂದಾಪುರ

ಧಾರಾಳ ತಿನ್ನಿ ಅಕ್ಕ. ಕೈ ತೊಳೆಯುವ ಜಾಗ ಕೆಲವು ಹಡಗಲ್ಲಿ ಬಫೆಯ ಬಾಗಿಲಲ್ಲೇ ಇರ್ತದೆ, ಡೈನಿಂಗ್ ರೂಮಿಗಾದ್ರೆ ಹತ್ತಿರದ ರೆಸ್ಟ್‌ರೂಮಲ್ಲಿ ಸೋಪು ಹಾಕಿ ತೊಳೆದು ಬನ್ನಿ, ಸ್ಯಾನಿಟೈಸರ್ ಮಾತ್ರ ಸಾಕಾಗುವುದಿಲ್ಲ, ಹಡಗಲ್ಲಿ ವಾಂತಿ ಭೇದಿ ಹರಡುವ ನೊರೊವೈರಸ್ ಅದಕ್ಕೆ ಸರಿಯಾಗಿ ಬಗ್ಗುವುದಿಲ್ಲ. ವೇಟರ್ ಹತ್ತಿರ ಊಟ ಆದ ಮೇಲೆ ಬೆಚ್ಚಗಿನ ನೀರಲ್ಲಿ ಅದ್ದಿದ ನ್ಯಾಪ್ಕಿನ್ ಕೇಳಿ, ಕೊಡ್ತಾರೆ.

ಮಲ್ಲಿಗೆ_ಸನಿವೇಲ್

ಸೀರೆ ಉಟ್ಟೇ ಹೋಗಿ ಮೇಡಂ. ಒಂದೋ ಎರಡೋ ರಾತ್ರಿ ಫಾರ್ಮಲ್ ನೈಟ್ ಅಂತ ಇರತ್ತೆ, ಅವತ್ತಿಗೆ ಒಂದು ಮೈಸೂರು ರೇಷ್ಮೆ ಇಟ್ಕೊಳ್ಳಿ. ನಾನು ಉಟ್ಟಾಗ ಟೇಬಲ್ ಪೂರ್ತಿ ಅದರದ್ದೇ ಮಾತಾಯ್ತು, ಮಾತು ಹೇಗೆ ಶುರು ಮಾಡೋದು ಅನ್ನೋ ಚಿಂತೆನೇ ಬರಲಿಲ್ಲ. ಒಳಗೆ ಎ.ಸಿ. ಜೋರು, ಶಾಲು ಮರೀಬೇಡಿ.

ಶರಾವತಿ_ತೀರ

ಮೊನ್ನೆ ವಾಪಸ್ ಬಂದೆ, ಹೇಳ್ಬೇಕು ಅನ್ಸಿತು. ಹತ್ತಿದ ದಿನ ಮಧ್ಯಾಹ್ನನೇ ಹೋಗಿ ಕೇಳಿದೆ, ಎಂಟು ಜನರ ಟೇಬಲ್ ಕೊಟ್ರು. ಆದ್ರೆ ಅವತ್ತು ರಾತ್ರಿ ಅಲ್ಲಿ ಬಂದಿದ್ದು ಇಬ್ರೇ, ಅವರೂ ಒಂದೇ ಮನೆಯವರು, ಸೇಮ್ ಕಂಬದ ಕಥೆ ಆಗತ್ತೆ ಅಂತ ಎದೆ ಹೊಡ್ಕೊಂಡಿತು. ಬೆಳಗ್ಗೆ ಹೋಗಿ ಬದಲಾಯಿಸಿ ಕೊಡಿ ಅಂದೆ, ಒಂದು ಮಾತೂ ಕೇಳದೆ ಬೇರೆ ಟೇಬಲ್ ಕೊಟ್ರು. ಅಲ್ಲಿ ಆರು ಜನ, ಅದ್ರಲ್ಲಿ ಸ್ಕಾಟ್ಲೆಂಡ್‌ನ ಒಬ್ಬ ರಿಟೈರ್ಡ್ ಟೀಚರ್, 70 ವರ್ಷ, ಅವರೂ ಒಬ್ರೇ. ಪೇಪರ್ ತಿದ್ದೋ ಕಷ್ಟ ಅಲ್ಲೂ ಇದೇ ಅಂತೆ, ಮೂರು ರಾತ್ರಿ ಅದೇ ಮಾತಾಡಿದ್ವಿ.

ಮೂರನೇ ರಾತ್ರಿ ದಾಲ್, ಅನ್ನ, ಬೆಂಡೆಕಾಯಿ ಪಲ್ಯ ಬಂತು. ಕೈಯಲ್ಲಿ ಕಲಸ್ಕೊಂಡು ಮೊದಲನೇ ತುತ್ತು ತಗೊಳ್ಳೋವಾಗ ಎಲ್ರೂ ನೋಡ್ತಿದಾರೆ ಅನ್ಸಿತು, ತಲೆ ಎತ್ತಿದ್ರೆ ಆ ಟೀಚರ್ ತಮ್ಮ ತಟ್ಟೆಯ ಬ್ರೆಡ್ಡನ್ನ ಕೈಯಲ್ಲೇ ಮುರಿದು ನನ್ನ ದಾಲ್ ಬಟ್ಟಲ ಕಡೆ ಕೈ ಚಾಚಿ, ಅದ್ದಬಹುದಾ ಅಂತ ಕೇಳಿದ್ರು.

ಹುಬ್ಬಳ್ಳಿಯವರು ಹೇಳಿದ ಹಾಗೆ ಹಿಮನದಿ ದಿನ ಒಬ್ಬಳೇ ಇದ್ದೆ. ಎಂಡಿಕಾಟ್ ಆರ್ಮ್ ಅನ್ನೋ ಕಿರಿದಾದ ಕೊಲ್ಲಿ ಒಳಗೆ ಹೋಗಿದ್ವಿ, ಕಿಟಕಿ ಪಕ್ಕ ಕೂತು ಮೊಸರನ್ನ ಮಾಡ್ಕೊಂಡೆ, ಬಫೆಯಲ್ಲಿ ಅನ್ನನೂ ಸಪ್ಪೆ ಮೊಸರೂ ಇತ್ತು. ನೀಲಿ ಮಂಜಿನ ತುಂಡುಗಳು ತೇಲ್ಕೊಂಡು ಹೋಗ್ತಿದ್ವು, ತಟ್ಟೆ ಮುಗಿಸೋಕೆ ಒಂದು ಗಂಟೆ ಹಿಡಿಯಿತು, ಯಾರೂ ಬಂದು ಏಳಿ ಅನ್ಲಿಲ್ಲ.

ಮುಂದೆ ಹೋಗೋರಿಗೆ ಒಂದು ಮಾತು, ಉಪ್ಪಿನಕಾಯಿ ಬೇಕಿದ್ರೆ ಅಂಗಡಿಯ ಸೀಲ್ ಆದ ಪ್ಯಾಕೆಟ್ ಇಟ್ಕೊಳ್ಳಿ, ನಾನು ಮನೇಲಿ ಹಾಕಿದ್ದು ಒಂದು ಡಬ್ಬಿ ತಗೊಂಡ್ ಹೋಗಿದ್ದೆ, ಹತ್ತೋವಾಗ್ಲೇ ತೆಗೆಸಿಬಿಟ್ರು.